ರೈಲನ್ನು ನಿಲ್ಲಿಸುವ ವಿದ್ಯೆ

ಹಂಪಿ ಎಕ್ಸ್‌ಪ್ರೆಸ್ ಎಂಬ ಹೆಸರಿನ ರೈಲುಗಾಡಿ ಹಂಪಿಗೆ ಹೋಗುವುದಿಲ್ಲ. ಹಂಪಿಗೆ ರೈಲುದಾರಿಯೇ ಇಲ್ಲ. ಹುಬ್ಬಳ್ಳಿಯಿಂದ ಹೊರಟ ಆ ಗಾಡಿ ಗದಗು, ಕೊಪ್ಪಳಗಳನ್ನು ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಹಾದು ರಾತ್ರಿಯ ವೇಳೆಗೆ ಹೊಸಪೇಟೆಗೆ ಬರುತ್ತದೆ. ಅಲ್ಲಿಂದ ಬಳ್ಳಾರಿ, ಗುಂತಕಲ್ಲು, ಧರ್ಮಾವರಗಳ ಮಾರ್ಗವಾಗಿ ಬೆಂಗಳೂರಿನತ್ತ ಸಾಗುತ್ತದೆ. ಕಂಪ್ಲಿಗೂ ರೈಲು ಇಲ್ಲದ ಕಾರಣ ಆ ಊರಿನವರು ಬಸ್ಸಿನಲ್ಲಿ ಬಂದು ಹೊಸಪೇಟೆಯ ಪ್ಲಾಟ್‌ಫಾರಮಿನ ಮೇಲೆ ಗಂಟುಮೂಟೆಗಳೊಡನೆ ಕಾದು ಕುಳಿತಿರುತ್ತಾರೆ. ಸಂಡೂರಿನಿಂದ ಬಂದವರೂ ಅವರ ನಡುವೆ ಇರುತ್ತಾರೆ. ಬೆಂಗಳೂರಿನಲ್ಲಿ ಓದುವ ಮಕ್ಕಳು, ಆಸ್ಪತ್ರೆಗೆ ಹೊರಟ ವೃದ್ಧರು, ಕೆಲಸ ಹುಡುಕಿಕೊಂಡು ಹೊರಟ ಯುವಕರು, ಹೀಗೆ ನಮ್ಮ ಸೀಮೆಯಲ್ಲಿ ಈ ಗಾಡಿಯನ್ನು ಒಮ್ಮೆಯಾದರೂ ಹತ್ತದ ಮನೆ ಅಪರೂಪವೆಂದೇ ಹೇಳಬೇಕು.

೨೦೧೨ನೆಯ ಇಸವಿ ಮೇ ತಿಂಗಳ ೨೨ನೆಯ ದಿನ, ಬೆಳಗಿನ ಜಾವ ಮೂರು ಗಂಟೆ ಮೀರಿದ ಹೊತ್ತಿನಲ್ಲಿ, ಈ ಗಾಡಿಯು ಆಂಧ್ರಪ್ರದೇಶದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಸರಕುಗಾಡಿಗೆ ಹಿಂದಿನಿಂದ ಅಪ್ಪಳಿಸಿತು. ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ರಾಜಧಾನಿಯನ್ನು ಸಾಗಿಸಿಕೊಂಡು ಹೋದ ಊರೇ ಈ ಪೆನುಕೊಂಡ. ಎಂಜಿನ್ನಿನ ಹಿಂದಿದ್ದ ಡಬ್ಬಿ ನುಜ್ಜುಗುಜ್ಜಾಗಿ ಬೆಂಕಿ ಹತ್ತಿತು. ಸುಮಾರು ೨೫ ಮಂದಿ ಪ್ರಾಣ ಕಳೆದುಕೊಂಡರು. ನಿಲ್ಲಬೇಕೆಂದು ಸೂಚಿಸುತ್ತಿದ್ದ ಸಿಗ್ನಲ್ಲನ್ನು ಗಾಡಿ ದಾಟಿ ಹೋಗಿತ್ತು.

ಇದಾದ ಕೆಲವು ವರ್ಷಗಳ ಮೇಲೆ ನಾನು ತರಗತಿಯಲ್ಲಿ ಚಲನೆಯ ಸಮೀಕರಣಗಳನ್ನು ಬೋಧಿಸುತ್ತಿದ್ದಾಗ ಕಂಪ್ಲಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಕೆಂಪು ದೀಪ ಇದ್ದಮೇಲೆ ಗಾಡಿ ತಾನಾಗಿಯೇ ಯಾಕೆ ನಿಲ್ಲಬಾರದು?” ಎಂದು ಕೇಳಿದಳು. ಅವಳ ಪ್ರಶ್ನೆ ಬಹು ಸರಳವಾಗಿ ತೋರಿತು. ಅದಕ್ಕೆ ಸರಿಯಾದ ಉತ್ತರ ಕೊಡಲು ನಾನು ಮುಂದಿನ ತರಗತಿಯವರೆಗೆ ಕಾಲಾವಕಾಶ ಕೇಳಬೇಕಾಯಿತು. ಆಗ ಓದಿಕೊಂಡುದನ್ನೂ ಅನಂತರ ತಿಳಿದುಬಂದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯನ್ನು ನಿಲ್ಲಿಸುವುದು ಏಕೆ ಕಷ್ಟವೆಂಬುದನ್ನು ನೋಡೋಣ. ಹಂಪಿಯ ವಿರೂಪಾಕ್ಷನ ರಥೋತ್ಸವವನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ಹಗ್ಗ ಹಿಡಿದು ತೇರನ್ನು ಎಳೆಯುವವರು ನೂರಾರು ಮಂದಿ. ಗಾಲಿಗಳ ಮಗ್ಗುಲಲ್ಲಿ ಮರದ ದಪ್ಪ ತುಂಡುಗಳನ್ನು ಹಿಡಿದು ನಡೆಯುವವರು ಕೆಲವರೇ. ತೇರು ಓರೆಯಾದಾಗ ಅಥವಾ ಬೇಕಾದುದಕ್ಕಿಂತ ಮುಂದೆ ಉರುಳತೊಡಗಿದಾಗ ಆ ತುಂಡನ್ನು ಗಾಲಿಯ ಕೆಳಗೆ ಕೊಟ್ಟು ತಡೆಯುವ ಹೊಣೆ ಅವರದು. ಎಳೆಯುವವನು ಒಂದು ಗಳಿಗೆ ಮೈಮರೆತರೆ ತೇರು ತುಸು ನಿಧಾನವಾದೀತು, ಅಷ್ಟೆ. ತಡೆಯುವವನು ಮೈಮರೆತರೆ ಆಗುವುದು ಬೇರೆ.

ರೈಲಿನಲ್ಲಿ ಈ ತೊಡಕು ಇನ್ನೂ ಹೆಚ್ಚಿನದು. ಒಣಗಿದ ಟಾರು ರಸ್ತೆಗೂ ರಬ್ಬರು ಚಕ್ರಕ್ಕೂ ಇರುವ ಘರ್ಷಣಾಂಕ ಸುಮಾರು ೦.೭ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಅದು ಒಣಹವೆಯಲ್ಲಿ ೦.೨ರಿಂದ ೦.೩ರಷ್ಟು; ಹಳಿ ಒದ್ದೆಯಾದಾಗ ೦.೧ಕ್ಕೂ ಇಳಿಯಬಹುದು. ಗಾಲಿಯೂ ಹಳಿಯೂ ಗಟ್ಟಿಯಾಗಿದ್ದು ಹೆಚ್ಚು ಅದುಮಿಕೊಳ್ಳದಿರುವುದರಿಂದ ಉರುಳುವಿಕೆಗೆ ಒದಗುವ ತಡೆಯೂ ಬಹಳ ಕಡಿಮೆ. ಅದರಿಂದಲೇ ರೈಲು ಅಗ್ಗವಾಗಿ ಓಡುತ್ತದೆ. ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರನ್ನು ಹೊತ್ತು ಬರುವ ಒಂದು ಪೂರ್ಣ ಸರಕುಗಾಡಿಯಲ್ಲಿ ಸುಮಾರು ೫೮ ವ್ಯಾಗನ್ನುಗಳಿರುತ್ತವೆ. ಒಂದೊಂದರ ತುಂಬಿದ ಭಾರ ೮೧ ಟನ್ನಿನಷ್ಟು. ಒಟ್ಟು ೪,೭೦೦ ಟನ್ನು. ಇಷ್ಟು ಭಾರವನ್ನು ಎರಡು ಮೂರು ಎಂಜಿನ್ನುಗಳು ಎಳೆದುಕೊಂಡು ಹೋಗಬಲ್ಲವು. ಅದೇ ಅದಿರನ್ನು ಲಾರಿಗಳಲ್ಲಿ ಸಾಗಿಸಬೇಕಾದರೆ ಎಷ್ಟು ಲಾರಿಗಳು, ಎಷ್ಟು ಧೂಳು ಎಂಬುದನ್ನು ಸಂಡೂರಿನ ಓದುಗರಿಗೆ ನಾನು ಹೇಳಬೇಕಾದುದಿಲ್ಲ.

ಆದರೆ ಸಲೀಸಾಗಿ ಉರುಳುವ ಗಾಡಿ ಸಲೀಸಾಗಿ ನಿಲ್ಲಲಾರದು. ಮೇಲೆ ಹೇಳಿದ ಅದಿರುಗಾಡಿ ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಚಲಿಸುತ್ತಿದೆಯೆಂದು ಭಾವಿಸಿ ಅದರ ಚಲನಶಕ್ತಿಯನ್ನು ಲೆಕ್ಕ ಹಾಕಿ. ಸುಮಾರು ೬೫ ಕೋಟಿ ಜೌಲುಗಳು ಬರುತ್ತವೆ. ಗಾಡಿ ನಿಲ್ಲಬೇಕಾದರೆ ಈ ಶಕ್ತಿಯೆಲ್ಲವೂ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಎರಡು ಸಾವಿರ ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು! ನಿಲ್ಲಲು ಬೇಕಾಗುವ ದೂರವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಪ್ರಯಾಣಿಕರ ಗಾಡಿಯೊಂದು ಸೆಕೆಂಡಿಗೆ ಅರ್ಧ ಮೀಟರಿನಂತೆ ವೇಗವನ್ನು ಇಳಿಸಿಕೊಳ್ಳಬಲ್ಲುದೆಂದು ಇಟ್ಟುಕೊಂಡರೆ, ಗಂಟೆಗೆ ೫೦ ಕಿಲೋಮೀಟರು ವೇಗದಿಂದ ನಿಲ್ಲಲು ಅದಕ್ಕೆ ೧೯೩ ಮೀಟರು ಬೇಕು. ೧೦೦ ಕಿಲೋಮೀಟರು ವೇಗದಿಂದಾದರೆ ೭೭೨ ಮೀಟರು. ೧೩೦ರಿಂದಾದರೆ ೧,೩೦೦ ಮೀಟರಿಗೂ ಮಿಗಿಲು. ಚಾಲಕನು ಕಂಡು, ಯೋಚಿಸಿ, ಕೈ ಆಡಿಸಲು ಎರಡು ಸೆಕೆಂಡು ತೆಗೆದುಕೊಂಡರೆ ೧೦೦ ಕಿಲೋಮೀಟರು ವೇಗದಲ್ಲಿ ಅಷ್ಟರೊಳಗೇ ಇನ್ನೊಂದು ೫೫ ಮೀಟರು ಕಳೆದಿರುತ್ತದೆ.

ಬ್ರೇಕು ಹಿಡಿಯುವ ಆಜ್ಞೆಯಾದರೂ ಗಾಡಿಯ ಕೊನೆಯ ಡಬ್ಬಿಯನ್ನು ತತ್‌ಕ್ಷಣವೇ ತಲುಪುವುದಿಲ್ಲ. ಗಾಡಿಯ ಉದ್ದಕ್ಕೂ ಹಾಯ್ದ ಕೊಳವೆಯೊಂದರಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಚಾಲಕನು ಆ ಗಾಳಿಯನ್ನು ಹೊರಬಿಟ್ಟೊಡನೆ ಕೊಳವೆಯ ಒತ್ತಡ ಕುಸಿದು, ಪ್ರತಿಯೊಂದು ಡಬ್ಬಿಯಲ್ಲಿಯೂ ಬ್ರೇಕು ಹಿಡಿಯುತ್ತದೆ. ಈ ಕುಸಿತವು ಕೊಳವೆಯಲ್ಲಿ ಶಬ್ದದ ವೇಗವನ್ನು ಮೀರಿ ಚಲಿಸಲಾರದು. ಆರು ನೂರು ಮೀಟರು ಉದ್ದದ ಅದಿರುಗಾಡಿಯಲ್ಲಿ ಎಂಜಿನ್ನಿನ ಮಾತು ಕೊನೆಯ ವ್ಯಾಗನ್ನಿಗೆ ಕೇಳಿಸಲು ಎರಡು ಸೆಕೆಂಡಿಗೆ ಕಡಿಮೆಯಿಲ್ಲದಷ್ಟು ಕಾಲ ಬೇಕು. ೧೮೭೨ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ಈ ಏರ್ಪಾಡಿನಲ್ಲಿ ಒಂದು ಜಾಣತನವುಂಟು: ಕೊಳವೆ ಒಡೆದರೂ, ಡಬ್ಬಿಗಳು ಕಳಚಿಕೊಂಡರೂ ಗಾಳಿ ಸೋರಿ ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಕೆಟ್ಟರೆ ನಿಲ್ಲುವ ಕಡೆಗೇ ಕೆಡಬೇಕು ಎಂಬ ಈ ತತ್ತ್ವವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಹೀಗಿರುವಲ್ಲಿ, ಅಡ್ಡಿಯನ್ನು ಕಣ್ಣಿನಿಂದ ಕಂಡ ಮೇಲೆ ಗಾಡಿಯನ್ನು ನಿಲ್ಲಿಸುವೆನೆಂಬುದು ಆಗದ ಮಾತು. ಕತ್ತಲೆಯಲ್ಲಿ, ತಿರುವಿನಲ್ಲಿ, ಚಾಲಕನ ಕಣ್ಣಿಗೆ ನಿಲುಕುವ ದೂರಕ್ಕಿಂತ ನಿಲ್ಲಲು ಬೇಕಾದ ದೂರವೇ ಹೆಚ್ಚು. ಆದುದರಿಂದಲೇ ಸಿಗ್ನಲ್ಲುಗಳು ಹುಟ್ಟಿದವು. ನಿಲ್ದಾಣದ ಮೊದಲ ನಿಲುಗಡೆಯ ಸಿಗ್ನಲ್ಲಿಗೆ ಒಂದು ಕಿಲೋಮೀಟರು ಮುಂಚಿತವಾಗಿಯೇ ಎಚ್ಚರಿಕೆಯ ಸಿಗ್ನಲ್ಲೊಂದು ಇರುತ್ತದೆ. ವೇಗದ ಗಾಡಿಗಳು ಓಡುವ ದಾರಿಯಲ್ಲಿ ಎರಡು ಕಿಲೋಮೀಟರಿನಲ್ಲಿ ಇನ್ನೊಂದು.

ನಮ್ಮ ಸೀಮೆಯ ಹಿರಿಯರು ಇದಕ್ಕಿಂತ ಹಳೆಯ ಏರ್ಪಾಡನ್ನೂ ಬಲ್ಲರು. ಒಂಟಿ ಹಳಿಯ ದಾರಿಯಲ್ಲಿ ಚಾಲಕನ ಕೈಯಲ್ಲಿ ಟೋಕನ್ ಎಂಬ ಲೋಹದ ಗುಂಡು ಇದ್ದರೆ ಮಾತ್ರ ಮುಂದಿನ ನಿಲ್ದಾಣದವರೆಗೆ ಹೋಗಲು ಅವನಿಗೆ ಅಧಿಕಾರ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡನ್ನಿಟ್ಟು, ಓಡುವ ಗಾಡಿಯ ಚಾಲಕನ ತೋಳಿಗೆ ಸಿಗುವಂತೆ ಹಿಡಿದು ನಿಲ್ಲುತ್ತಿದ್ದ ರೈಲ್ವೆ ನೌಕರನ ಚಿತ್ರ ಅನೇಕರ ಮನಸ್ಸಿನಲ್ಲಿ ಉಳಿದಿರಬಹುದು. ಎರಡು ನಿಲ್ದಾಣಗಳ ಯಂತ್ರಗಳೂ ವಿದ್ಯುತ್ತಂತಿಯಿಂದ ಜೋಡಣೆಗೊಂಡಿದ್ದು, ಒಂದು ಗುಂಡು ಹೊರಗಿರುವ ತನಕ ಇನ್ನೊಂದು ಗುಂಡನ್ನು ಯಾರೂ ತೆಗೆಯಲಾಗದು. ಒಂದು ದಾರಿ, ಒಂದು ಗುಂಡು, ಒಂದು ಗಾಡಿ. ಇಷ್ಟು ಸರಳವೂ ಸುಂದರವೂ ಆದ ತರ್ಕವನ್ನು ನಾನು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿಯೂ ಹೆಚ್ಚು ಕಂಡಿಲ್ಲ.

ಸಿಗ್ನಲ್ಲಾಗಲಿ ಟೋಕನ್ ಆಗಲಿ ಒಂದು ಕೊರತೆಯಿಂದ ಮುಕ್ತವಲ್ಲ. ಅವು ಹೇಳುತ್ತವೆ, ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದವನು ಮನುಷ್ಯ. ಮನುಷ್ಯನ ಶರೀರಕ್ಕೆ ತನ್ನದೇ ಆದ ದಿನಚರಿಯುಂಟು. ರಾತ್ರಿ ಎರಡು ಗಂಟೆಯಿಂದ ಬೆಳಗಿನ ಐದರವರೆಗೆ ಎಚ್ಚರ ಅತ್ಯಂತ ಮಂದವಾಗಿರುವುದೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಪೆನುಕೊಂಡದ ಅಪಘಾತ ನಡೆದ ಹೊತ್ತನ್ನು ಓದುಗರು ಗಮನಿಸಬೇಕು. ಹಗಲಾದರೂ ಅಭಯವಿಲ್ಲ. ೧೯೯೯ರ ಅಕ್ಟೋಬರ್ ೫ರ ಬೆಳಿಗ್ಗೆ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವಿನಲ್ಲಿ ಚಾಲಕನೊಬ್ಬ ಕೆಂಪು ಸಿಗ್ನಲ್ಲನ್ನು ದಾಟಿದುದರಿಂದ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ೩೧ ಮಂದಿ ಮಡಿದರು. ಹತ್ತಾರು ವರ್ಷ ಸರಿಯಾಗಿ ಕಂಡ ಕಣ್ಣು ಒಂದು ದಿನ ಕಾಣದೆ ಹೋದೀತು. ಅದಕ್ಕಾಗಿ ಚಾಲಕನೊಬ್ಬನನ್ನೇ ದೂರಿ ಕಡತವನ್ನು ಮುಚ್ಚುವುದು ಸುಲಭ. ಮುಂದಿನ ರಾತ್ರಿಯ ಗಾಡಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಹಾಗಾದರೆ ಯಂತ್ರವೇ ನಿಲ್ಲಿಸಲಿ ಎಂಬ ಯೋಚನೆ ಹೊಸದಲ್ಲ. ಜಪಾನಿನ ಶಿಂಕಾನ್‌ಸೆನ್ ಗಾಡಿಗಳು ೧೯೬೪ರಲ್ಲಿ ಓಡತೊಡಗಿದಾಗಲೇ ಅವುಗಳ ವೇಗವನ್ನು ಯಂತ್ರವು ಕಾಯುತ್ತಿತ್ತು. ಯೂರೋಪಿನ ರಾಷ್ಟ್ರಗಳೂ ತಮ್ಮ ತಮ್ಮ ಏರ್ಪಾಡುಗಳನ್ನು ಮಾಡಿಕೊಂಡವು. ನಮ್ಮಲ್ಲಿ ಮೊದಲ ದೊಡ್ಡ ಸ್ವದೇಶೀ ಪ್ರಯತ್ನ ನಡೆದುದು ಕೊಂಕಣ ರೈಲ್ವೆಯಲ್ಲಿ, ಅಂದರೆ ನಮ್ಮ ಕಾರವಾರ, ಕುಂದಾಪುರ, ಉಡುಪಿಗಳ ಮೇಲೆ ಹಾಯುವ ದಾರಿಯಲ್ಲಿ. ಅದರ ಮುಖ್ಯಸ್ಥರಾಗಿದ್ದ ಬಿ. ರಾಜಾರಾಮ್ ಎಂಬ ಎಂಜಿನಿಯರರು ಡಿಕ್ಕಿಯನ್ನು ತಪ್ಪಿಸುವ ಸಾಧನವೊಂದನ್ನು ರೂಪಿಸಿದರು. ಪ್ರತಿಯೊಂದು ಎಂಜಿನ್ನೂ ಕೃತಕ ಉಪಗ್ರಹಗಳ ಸಹಾಯದಿಂದ ತಾನಿರುವ ಸ್ಥಳವನ್ನು ತಿಳಿದುಕೊಂಡು, ನೆರೆಯ ಎಂಜಿನ್ನುಗಳೊಡನೆ ರೇಡಿಯೋ ಮೂಲಕ ಮಾತಾಡಿ, ಅಪಾಯ ಕಂಡರೆ ಬ್ರೇಕು ಹಾಕುವುದು ಅದರ ಉದ್ದೇಶ. ಕೊಂಕಣದಲ್ಲಿಯೂ ಈಶಾನ್ಯ ಗಡಿನಾಡಿನ ರೈಲ್ವೆಯಲ್ಲಿಯೂ ಅದನ್ನು ಅಳವಡಿಸಿದರು.

ಯೋಚನೆ ದಿಟ್ಟವಾದುದು. ಆದರೆ ಒಂದು ಮೂಲಭೂತ ತೊಡಕು ಎದುರಾಯಿತು. ಅಕ್ಕಪಕ್ಕದ ಎರಡು ಹಳಿದಾರಿಗಳ ನಡುವಣ ಅಂತರ ಐದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಉಪಗ್ರಹದಿಂದ ತಿಳಿಯುವ ಸ್ಥಾನದಲ್ಲಿ ಬರಬಹುದಾದ ದೋಷವೂ ಕೆಲವು ಮೀಟರುಗಳಷ್ಟು. ಎದುರಿನಿಂದ ಬರುವ ಗಾಡಿ ನನ್ನ ಹಳಿಯ ಮೇಲಿದೆಯೋ ಪಕ್ಕದ ಹಳಿಯ ಮೇಲಿದೆಯೋ ಎಂಬುದೇ ಸಂದೇಹವಾದರೆ ಯಂತ್ರ ಮಾಡುವುದಾದರೂ ಏನು? ಸಂದೇಹ ಬಂದಾಗಲೆಲ್ಲ ನಿಂತರೆ ಸಂಚಾರವೇ ಸ್ಥಗಿತ. ನಿಲ್ಲದಿದ್ದರೆ ಯಂತ್ರವೇ ನಿರರ್ಥಕ. ಅಳತೆಯ ದೋಷವು ಅಳೆಯಬೇಕಾದ ವಸ್ತುವಿನಷ್ಟೇ ದೊಡ್ಡದಾಗಬಾರದೆಂದು ಪ್ರಯೋಗಾಲಯದಲ್ಲಿ ನಾವು ಹೇಳುವ ಮಾತು ಇಲ್ಲಿ ಪ್ರಾಣದ ಮಾತಾಗಿ ಪರಿಣಮಿಸುತ್ತದೆ.

ಈ ಕೆಲಸವನ್ನು ಬೇರೊಂದು ಬಗೆಯಲ್ಲಿ ಕೈಗೆತ್ತಿಕೊಂಡುದು ಲಖನೌದಲ್ಲಿರುವ ರೈಲ್ವೆಯ ಸಂಶೋಧನ ಸಂಸ್ಥೆ. ಆರ್.ಡಿ.ಎಸ್.ಓ. ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಈ ಸರ್ಕಾರೀ ಸಂಸ್ಥೆ ೧೯೫೭ರಲ್ಲಿ ಸ್ಥಾಪಿತವಾಯಿತು. ೨೦೧೨ರಲ್ಲಿ, ಪೆನುಕೊಂಡದಲ್ಲಿ ಅಪಘಾತ ನಡೆದ ವರ್ಷವೇ, ಅದು ತನ್ನ ಹೊಸ ಏರ್ಪಾಡಿನ ಮೊದಲ ಪ್ರಯೋಗಗಳನ್ನು ದಕ್ಷಿಣ ಮಧ್ಯ ರೈಲ್ವೆಯ ತಾಂಡೂರಿನ ಕಡೆ ನಡೆಸಿತು. ಮುಂದೆ ಪ್ರಯೋಗಕ್ಷೇತ್ರವು ಲಿಂಗಂಪಲ್ಲಿಯಿಂದ ವಿಕಾರಾಬಾದಿನ ಮೇಲೆ ನಮ್ಮ ವಾಡಿಯವರೆಗೂ, ವಿಕಾರಾಬಾದಿನಿಂದ ನಮ್ಮ ಬೀದರಿನವರೆಗೂ ಹಬ್ಬಿತು. ಒಟ್ಟು ೨೬೫ ಕಿಲೋಮೀಟರು. ೨೦೧೬ರ ಫೆಬ್ರವರಿಯಲ್ಲಿ ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷೆ ಆರಂಭವಾಯಿತು. ೨೦೨೦ರ ಜುಲೈಯಲ್ಲಿ ಅದನ್ನು ಇಡೀ ರಾಷ್ಟ್ರದ ಏರ್ಪಾಡೆಂದು ಸರ್ಕಾರ ಅಂಗೀಕರಿಸಿತು. ಅದಕ್ಕೆ ಇಟ್ಟ ಹೆಸರು ‘ಕವಚ’.

ಕವಚವು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ಗಾಡಿಯನ್ನು ತಕ್ಕ ಸ್ಥಳದಲ್ಲಿ ನಿಲ್ಲಿಸಬೇಕಾದರೆ ಯಂತ್ರಕ್ಕೆ ಮೂರು ಸಂಗತಿಗಳು ಗೊತ್ತಿರಬೇಕು: ನಾನು ಎಲ್ಲಿದ್ದೇನೆ, ಎಲ್ಲಿಯವರೆಗೆ ಹೋಗಲು ನನಗೆ ಅಪ್ಪಣೆಯಿದೆ, ಮತ್ತು ನನ್ನ ಬ್ರೇಕಿನ ಬಲವೆಷ್ಟು.

ಮೊದಲನೆಯದಕ್ಕೆ ಕವಚವು ಆಕಾಶವನ್ನು ನೆಚ್ಚದೆ ನೆಲವನ್ನೇ ನೆಚ್ಚಿದೆ. ಹಳಿಗಳ ನಡುವೆ, ಸ್ಲೀಪರುಗಳ ಮೇಲೆ, ಸುಮಾರು ಕಿಲೋಮೀಟರಿಗೊಂದರಂತೆಯೂ ನಿಲ್ದಾಣ ಮತ್ತು ಸಿಗ್ನಲ್ಲುಗಳ ಬಳಿಯೂ ಚಿಕ್ಕ ಚಿಕ್ಕ ಗುರುತುಪಟ್ಟಿಗಳನ್ನು ಕೂಡಿಸುತ್ತಾರೆ. ಈ ಪಟ್ಟಿಗಳಿಗೆ ಬ್ಯಾಟರಿಯಿಲ್ಲ, ತಂತಿಯಿಲ್ಲ. ಎಂಜಿನ್ನು ಮೇಲೆ ಹಾದಾಗ ಅದರ ಅಡಿಯಲ್ಲಿರುವ ಯಂತ್ರವು ರೇಡಿಯೋ ಅಲೆಗಳನ್ನು ಸೂಸುತ್ತದೆ. ಆ ಅಲೆಗಳಿಂದಲೇ ಶಕ್ತಿಯನ್ನು ಪಡೆದು ಪಟ್ಟಿಯು ತನ್ನ ಹೆಸರನ್ನು ಒದರುತ್ತದೆ: ಇಂಥ ದಾರಿ, ಇಂಥ ಹಳಿ, ಇಷ್ಟನೆಯ ದೂರ. ಎಡದ ಹಳಿಯ ಪಟ್ಟಿಯೇ ಬೇರೆ, ಬಲದ ಹಳಿಯ ಪಟ್ಟಿಯೇ ಬೇರೆ. ಐದು ಮೀಟರಿನ ಸಂದೇಹ ಹೀಗೆ ಬಗೆಹರಿಯಿತು.

ಎರಡು ಪಟ್ಟಿಗಳ ನಡುವೆ ಗಾಲಿಯ ಸುತ್ತುಗಳನ್ನು ಎಣಿಸಿ ದೂರವನ್ನು ತಿಳಿಯಬೇಕು. ಇದರಲ್ಲೊಂದು ಸ್ವಾರಸ್ಯವುಂಟು. ನಮ್ಮ ವಿದ್ಯುತ್ ಎಂಜಿನ್ನಿನ ಹೊಸ ಗಾಲಿಯ ವ್ಯಾಸ ೧,೦೯೨ ಮಿಲಿಮೀಟರು. ಸವೆದು ಸವೆದು ಅದು ೧,೦೧೬ಕ್ಕೆ ಇಳಿಯುವವರೆಗೂ ಬಳಕೆಯಲ್ಲಿರುತ್ತದೆ. ಹೊಸ ಗಾಲಿಯೆಂದು ತಿಳಿದು ಸವೆದ ಗಾಲಿಯ ಸುತ್ತುಗಳನ್ನು ಎಣಿಸಿದರೆ ೧,೦೦೦ ಮೀಟರು ಬಂದೆನೆಂದು ಯಂತ್ರ ಭಾವಿಸಿದಾಗ ಗಾಡಿ ವಾಸ್ತವವಾಗಿ ೯೩೦ ಮೀಟರು ಮಾತ್ರ ಬಂದಿರುತ್ತದೆ. ಆದುದರಿಂದ ವ್ಯಾಸವನ್ನು ಆಗಾಗ್ಗೆ ಯಂತ್ರಕ್ಕೆ ತಿದ್ದಿ ಹೇಳಬೇಕು. ಮಳೆಯಲ್ಲಿ ಗಾಲಿ ಜಾರಿದರೂ ಎಣಿಕೆ ತಪ್ಪುತ್ತದೆ. ಆದರೆ ಮುಂದಿನ ಪಟ್ಟಿ ಸಿಕ್ಕೊಡನೆ ತಪ್ಪೆಲ್ಲ ಅಳಿದು ಲೆಕ್ಕ ಮತ್ತೆ ಸೊನ್ನೆಯಿಂದ ಮೊದಲಾಗುತ್ತದೆ. ದೋಷವನ್ನು ಪೂರ್ತಿ ನಿವಾರಿಸಲಾಗದಿದ್ದಲ್ಲಿ ಅದು ಬೆಳೆಯದಂತೆ ನೋಡಿಕೊಳ್ಳುವುದು, ಇದೇ ಉಪಾಯ.

ಎರಡನೆಯ ಸಂಗತಿ, ಅಪ್ಪಣೆ. ಪ್ರತಿಯೊಂದು ನಿಲ್ದಾಣದಲ್ಲಿಯೂ ಒಂದು ಗಣಕಯಂತ್ರವಿದ್ದು, ಸಿಗ್ನಲ್ಲುಗಳ ಸ್ಥಿತಿಯನ್ನೂ ಹಳಿಗಳ ಜೋಡಣೆಯನ್ನೂ ಅದು ನೇರವಾಗಿ ಓದಿಕೊಳ್ಳುತ್ತದೆ. ‘ಇಂಥ ಸಿಗ್ನಲ್ಲಿನವರೆಗೆ, ಇಷ್ಟು ಮೀಟರು ಹೋಗಬಹುದು’ ಎಂಬ ಸಂದೇಶವನ್ನು ರೇಡಿಯೋ ಮೂಲಕ ಎಂಜಿನ್ನಿಗೆ ಮತ್ತೆ ಮತ್ತೆ ಕಳುಹಿಸುತ್ತಿರುತ್ತದೆ. ಹಿಂದಿನ ಟೋಕನ್ನಿನ ಗುಂಡೇ ಈಗ ವಿದ್ಯುತ್ಕಾಂತ ತರಂಗದ ರೂಪ ತಾಳಿದೆಯೆನ್ನಬಹುದು. ಉಪಗ್ರಹಗಳಿಗೂ ಇಲ್ಲಿ ಸಣ್ಣದೊಂದು ಉದ್ಯೋಗವಿದೆ: ಎಲ್ಲ ಯಂತ್ರಗಳ ಗಡಿಯಾರಗಳನ್ನು ಒಂದೇ ಸಮಕ್ಕೆ ಹೊಂದಿಸುವುದು. ಹಾಗಿಲ್ಲವಾದರೆ ಹಲವು ಎಂಜಿನ್ನುಗಳು ಏಕಕಾಲದಲ್ಲಿ ಮಾತಾಡಿ ಯಾರ ಮಾತೂ ಯಾರಿಗೂ ಕೇಳಿಸದೆ ಹೋಗುವುದು.

ಈ ಅಲೆಗಳ ಉದ್ದ ಮುಕ್ಕಾಲು ಮೀಟರಿಗೂ ಕಡಿಮೆ. ಇಂಥ ಚಿಕ್ಕ ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿಯೇ ಹೋಗುತ್ತವೆ. ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಅದಕ್ಕಾಗಿಯೇ ನಿಲ್ದಾಣಗಳಲ್ಲಿ ೪೦ ಮೀಟರು ಎತ್ತರದ ಗೋಪುರಗಳನ್ನು ಕಟ್ಟುತ್ತಾರೆ. ಭೂಮಿ ದುಂಡಗಿರುವುದನ್ನು ಲೆಕ್ಕಕ್ಕೆ ಹಿಡಿದರೂ ಅಷ್ಟೆತ್ತರದಿಂದ ೨೨ ಕಿಲೋಮೀಟರು ದೂರದವರೆಗೆ ದೃಷ್ಟಿ ಹಾಯಬೇಕು. ಬಳ್ಳಾರಿಯ ಬಯಲಿನಲ್ಲಿ ಇದು ಸುಲಭ. ಸಂಡೂರಿನ ಗುಡ್ಡಸಾಲುಗಳ ನಡುವೆ, ಹೊಸಪೇಟೆಯ ಸುತ್ತಣ ಬಂಡೆಗಲ್ಲಿನ ಗುಟ್ಟೆಗಳ ನಡುವೆ ಹಾಗಲ್ಲ. ಅಂಥ ಕಡೆ ಗೋಪುರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಲೆಯ ಬಲವನ್ನು ಅಳೆದು ನೋಡಿಯೇ ನಿಶ್ಚಯಿಸಬೇಕಾಗುವುದು.

ಸ್ಥಾನವೂ ಅಪ್ಪಣೆಯೂ ತಿಳಿದ ಮೇಲೆ ಉಳಿದುದು ನಾವು ಮೊದಲು ಮಾಡಿದ ಲೆಕ್ಕವೇ. ಎಂಜಿನ್ನಿನ ಗಣಕವು ಪ್ರತಿ ಕ್ಷಣವೂ ‘ಈಗ ಬ್ರೇಕು ಹಾಕಿದರೆ ಎಲ್ಲಿ ನಿಂತೇನು?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಿರುತ್ತದೆ. ಮುಂದಿನ ಸಿಗ್ನಲ್ಲಿನ ಬಣ್ಣವನ್ನು ಚಾಲಕನ ಎದುರಿನ ಫಲಕದಲ್ಲಿಯೇ ತೋರಿಸುತ್ತದೆ. ಮಂಜು ಕವಿದ ರಾತ್ರಿಯಲ್ಲಿ ಇದೊಂದೇ ದೊಡ್ಡ ಉಪಕಾರ. ನಿಲ್ಲುವ ಸ್ಥಳ ಅಪ್ಪಣೆಯ ಎಲ್ಲೆಯನ್ನು ಸಮೀಪಿಸತೊಡಗಿದರೆ ಮೊದಲು ಕೂಗಿ ಎಚ್ಚರಿಸುತ್ತದೆ. ಚಾಲಕನು ಕಿವಿಗೊಡದಿದ್ದರೆ ಬ್ರೇಕನ್ನು ಮೆಲ್ಲನೆ ಹಾಕುತ್ತದೆ, ಅನಂತರ ಪೂರ್ಣವಾಗಿ, ಕೊನೆಗೆ ತುರ್ತು ಬ್ರೇಕು. ಗೇಟುಗಳ ಬಳಿ ತಾನೇ ಸಿಳ್ಳು ಹಾಕುವುದೂ ಉಂಟು. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ಇದೇ: ಕೆಂಪು ದೀಪವಿದ್ದಾಗ ಗಾಡಿ ತಾನಾಗಿಯೇ ನಿಲ್ಲಬಲ್ಲುದು, ಆದರೆ ಅದಕ್ಕೆ ದೀಪವನ್ನು ಕಾಣುವ ಕಣ್ಣಿಗಿಂತ, ತಾನಿರುವ ತಾಣವನ್ನು ಬಲ್ಲ ಬುದ್ಧಿ ಬೇಕು.

೨೦೨೨ರ ಮಾರ್ಚ್ ೪ರಂದು ತೆಲಂಗಾಣದ ಗುಲ್ಲಗುಡ ಮತ್ತು ಚಿಟಗಿದ್ದ ನಿಲ್ದಾಣಗಳ ನಡುವೆ ಇದನ್ನು ಬಹಿರಂಗವಾಗಿ ಪರೀಕ್ಷಿಸಿದರು. ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರು ಒಂದು ಎಂಜಿನ್ನಿನಲ್ಲಿ ಕುಳಿತಿದ್ದರು. ಅದೇ ಹಳಿಯ ಮೇಲೆ ಇನ್ನೊಂದು ಗಾಡಿ. ಚಾಲಕನು ಬ್ರೇಕನ್ನು ಮುಟ್ಟಲಿಲ್ಲ. ಎದುರಿನ ಎಂಜಿನ್ನು ಇನ್ನೂ ೩೮೦ ಮೀಟರು ದೂರದಲ್ಲಿರುವಾಗ ಗಾಡಿ ನಿಂತಿತು. ಪತ್ರಿಕೆಗಳಲ್ಲಿ ಅದರ ಚಿತ್ರಗಳು ಬಂದವು. ನನ್ನ ಮಟ್ಟಿಗೆ, ಆ ಒಂದು ದಿನದ ಪ್ರದರ್ಶನಕ್ಕಿಂತ ಅದರ ಹಿಂದಿನ ಹತ್ತು ವರ್ಷಗಳೇ ಹೆಚ್ಚು ಗೌರವಕ್ಕೆ ಪಾತ್ರವಾದುವು.

ಹತ್ತು ವರ್ಷ ಏಕೆ ಬೇಕಾಯಿತು? ಗಾಡಿಯನ್ನು ನಿಲ್ಲಿಸುವ ಯಂತ್ರವನ್ನು ಮಾಡುವುದು ಅಷ್ಟೇನೂ ಕಠಿಣವಲ್ಲ. ಒಮ್ಮೆಯೂ ತಪ್ಪದ ಯಂತ್ರವನ್ನು ಮಾಡುವುದು ಕಠಿಣ. ರಕ್ಷಿಸುವ ಯಂತ್ರವಿದೆಯೆಂದು ಚಾಲಕನು ನೆಚ್ಚಿದ ದಿನವೇ ಅದು ಕೆಟ್ಟರೆ, ಯಂತ್ರವಿಲ್ಲದಿದ್ದ ಕಾಲವೇ ಮೇಲೆನಿಸೀತು. ಆದುದರಿಂದ ವೆಸ್ಟಿಂಗ್‌ಹೌಸನ ಕೊಳವೆಯ ತತ್ತ್ವ ಇಲ್ಲಿ ಮತ್ತೆ ಬರುತ್ತದೆ. ರೇಡಿಯೋ ಸಂದೇಶ ನಿಂತುಹೋದರೆ ಯಂತ್ರವು ‘ದಾರಿ ತೆರವಾಗಿರಬಹುದು’ ಎಂದು ಎಣಿಸದೆ, ಅಪ್ಪಣೆಯ ಎಲ್ಲೆ ಮುಗಿಯಿತೆಂದೇ ತಿಳಿಯುತ್ತದೆ. ಇಂಥ ಏರ್ಪಾಡುಗಳಲ್ಲಿ ಒಂದೇ ಗಣಕದ ತೀರ್ಮಾನವನ್ನು ನಂಬುವುದಿಲ್ಲ. ಎರಡು ಗಣಕಗಳು ಒಪ್ಪಬೇಕು, ಅಥವಾ ಮೂರರಲ್ಲಿ ಎರಡು. ನಮ್ಮ ಪಂಚಾಯಿತಿಯ ಪದ್ಧತಿಯೇ ಎನ್ನಿ.

ಕವಚಕ್ಕೆ ದೊರೆತಿರುವುದು ಸುರಕ್ಷತೆಯ ನಾಲ್ಕನೆಯ ಮಟ್ಟ, ಅದೇ ಅತ್ಯುನ್ನತ ಮಟ್ಟ. ಅಪಾಯಕರವಾದ ತಪ್ಪು ಸರಾಸರಿ ಹತ್ತು ಕೋಟಿ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಿರ ಕೂಡದೆಂಬುದು ಆ ಮಟ್ಟದ ಕಟ್ಟಳೆ. ಹತ್ತು ಕೋಟಿ ಗಂಟೆಗಳೆಂದರೆ ಸುಮಾರು ೧೧,೪೦೦ ವರ್ಷ. ೧೩೩೬ರಲ್ಲಿ ವಿಜಯನಗರ ಸ್ಥಾಪನೆಯಾದಂದಿನಿಂದ ಇಂದಿನವರೆಗೆ ಕಳೆದಿರುವ ಕಾಲದ ಹದಿನಾರು ಮಡಿ. ಇದನ್ನು ಓದಿ ಯಾರೂ ಬೆರಗಾಗಿ ಸುಮ್ಮನಾಗಬಾರದು. ಹತ್ತು ಸಾವಿರ ಎಂಜಿನ್ನುಗಳಲ್ಲಿ ಇಂಥ ಯಂತ್ರಗಳಿದ್ದು ಹಗಲಿರುಳೂ ದುಡಿದರೆ, ಅದೇ ಕಟ್ಟಳೆಯ ಪ್ರಕಾರ ವರ್ಷಕ್ಕೆ ಒಂದರ ಆಸುಪಾಸು ತಪ್ಪಿಗೆ ಅವಕಾಶವುಂಟು. ತಪ್ಪೆಲ್ಲವೂ ಅಪಘಾತವಾಗುವುದಿಲ್ಲ ನಿಜ. ಆದರೂ ಕಟ್ಟಳೆ ಇಷ್ಟು ಬಿಗಿಯಾಗಿರುವುದು ಅತಿಯಲ್ಲವೆಂದು ಈ ಲೆಕ್ಕದಿಂದ ಮನಗಾಣಬಹುದು.

ಕವಚದಿಂದ ಆಗದಿರುವುದನ್ನೂ ಹೇಳಿಬಿಡಬೇಕು. ೨೦೨೩ರ ಜೂನ್ ೨ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಗಾಡಿ ಬದಿಯ ಹಳಿಯಲ್ಲಿದ್ದ ಸರಕುಗಾಡಿಗೆ ಬಡಿದು ೨೯೦ಕ್ಕೂ ಹೆಚ್ಚು ಮಂದಿ ಸತ್ತರು. ಆ ದಾರಿಯಲ್ಲಿ ಕವಚವಿರಲಿಲ್ಲ. ಇದ್ದಿದ್ದರೆ? ಅಲ್ಲಿ ಚಾಲಕನಿಗೆ ತೋರಿದುದು ಹಸಿರು ಸಿಗ್ನಲ್ಲು. ಸಿಗ್ನಲ್ಲಿನ ತಂತಿಗಳ ಜೋಡಣೆಯನ್ನು ಮಾರ್ಪಡಿಸುವಾಗ ಆದ ಲೋಪದಿಂದ, ಹಳಿ ಒಂದು ಕಡೆಗೆ ತಿರುಗಿರಲು ಸಿಗ್ನಲ್ಲು ಇನ್ನೊಂದನ್ನು ಹೇಳುತ್ತಿತ್ತು. ಕವಚವು ಸಿಗ್ನಲ್ಲಿನ ಏರ್ಪಾಡನ್ನು ನಂಬಿ ನಡೆಯುವ ಯಂತ್ರ. ಮೂಲದಲ್ಲಿಯೇ ಸುಳ್ಳು ಹೊಕ್ಕರೆ ಅದು ಸುಳ್ಳನ್ನೇ ಶ್ರದ್ಧೆಯಿಂದ ಪಾಲಿಸುತ್ತದೆ. ಮುರಿದ ಹಳಿ, ಗೇಟಿನಲ್ಲಿ ನುಗ್ಗಿದ ಲಾರಿ, ಇವನ್ನೂ ಅದು ಅರಿಯದು. ಚಾಲಕನ ಮರವೆಗೆ ಮದ್ದು, ಎಲ್ಲ ರೋಗಕ್ಕೂ ಅಲ್ಲ.

ಆ ಒಂದು ರೋಗಕ್ಕಾದರೂ ಮದ್ದು ಎಲ್ಲರಿಗೂ ದೊರಕಿತೆ? ೨೦೨೪ರ ವೇಳೆಗೆ ದಕ್ಷಿಣ ಮಧ್ಯ ರೈಲ್ವೆಯ ೧,೪೬೫ ಕಿಲೋಮೀಟರು ದಾರಿಯಲ್ಲಿ ಕವಚ ನೆಲೆಗೊಂಡಿತ್ತು. ರಾಷ್ಟ್ರದ ಒಟ್ಟು ರೈಲುದಾರಿ ೬೮,೦೦೦ ಕಿಲೋಮೀಟರಿಗೂ ಹೆಚ್ಚು. ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಮಾತ್ರ ಆಗಿತ್ತು. ದಾರಿಯ ಬದಿಯ ಉಪಕರಣಗಳಿಗೆ ಕಿಲೋಮೀಟರಿಗೆ ಸುಮಾರು ೫೦ ಲಕ್ಷ ರೂಪಾಯಿ, ಎಂಜಿನ್ನೊಂದಕ್ಕೆ ೮೦ ಲಕ್ಷ ರೂಪಾಯಿ ತಗಲುವುದೆಂದು ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ದುಡ್ಡಿನ ತಾಪತ್ರಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷೆಗೆ ಬೇಕಾದ ತಾಳ್ಮೆ ಬೇರೆ, ಪರೀಕ್ಷೆ ಮುಗಿದ ಮೇಲಣ ಸಾವಕಾಶ ಬೇರೆ. ಮೊದಲನೆಯದನ್ನು ಮೆಚ್ಚಿದ ನನಗೆ ಎರಡನೆಯದನ್ನು ಮೆಚ್ಚಲು ಆಗುವುದಿಲ್ಲ. ೨೦೨೪ರ ಜುಲೈಯಲ್ಲಿ ಸುಧಾರಿಸಿದ ನಾಲ್ಕನೆಯ ಆವೃತ್ತಿಗೆ ಒಪ್ಪಿಗೆ ದೊರೆತು, ೨೦೨೫ರ ಜುಲೈಯಲ್ಲಿ ದೆಹಲಿ–ಮುಂಬಯಿ ದಾರಿಯ ಮಥುರಾ–ಕೋಟಾ ಭಾಗದಲ್ಲಿ ಅದು ಕಾರ್ಯಗತವಾದುದರಿಂದ ಕೆಲಸಕ್ಕೆ ಕಾವು ಬಂದಂತೆ ತೋರುತ್ತದೆ.

ಆ ಮೊದಲ ೧,೪೬೫ ಕಿಲೋಮೀಟರಿನಲ್ಲಿ ಒಂದು ಕವಲು ಸಿಕಂದರಾಬಾದಿನಿಂದ ಗದ್ವಾಲ, ಢೋಣೆಗಳ ಮೇಲೆ ಗುಂತಕಲ್ಲಿನ ಅಂಚಿನವರೆಗೆ ಬಂದಿದೆ. ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಯಿಂದ ಹೊರಟು ಬಳ್ಳಾರಿಯನ್ನು ದಾಟಿದ ಮೇಲೆ ಸೇರುವ ಗುಂತಕಲ್ಲು ಇದೇ.

ಈ ವಿಷಯವನ್ನೆಲ್ಲ ತರಗತಿಯಲ್ಲಿ ಹೇಳಿ ಮುಗಿಸಿದಾಗ ಸಂಡೂರಿನ ಹುಡುಗನೊಬ್ಬ ಹಿಂದಿನ ಬೆಂಚಿನಿಂದ, “ಸರ್, ವ್ಯಾಗನ್ ಖಾಲಿ ಐತೋ ತುಂಬೈತೋ ಅಂತ ಆ ಮಷೀನಿಗೆ ಹೆಂಗ ಗೊತ್ತಾಗ್ತತಿ?” ಎಂದ. ಅವನ ತಂದೆ ಅದಿರು ತುಂಬುವ ಕಡೆ ಕೆಲಸದಲ್ಲಿದ್ದಾರಂತೆ. ಪ್ರಶ್ನೆ ಮರ್ಮಕ್ಕೇ ತಗಲಿತು. ನಾನು ಮೇಲೆ ಹೇಳಿದ ಮೂರನೆಯ ಸಂಗತಿ, ಬ್ರೇಕಿನ ಬಲ, ಅದನ್ನೇ ಅವನು ಹಿಡಿದಿದ್ದ. ಯಂತ್ರಕ್ಕೆ ಅದು ತಾನಾಗಿ ತಿಳಿಯುವುದಿಲ್ಲ. ಹೊರಡುವ ಮುನ್ನ ಗಾಡಿಯ ಬಗೆಯನ್ನು ಚಾಲಕನೇ ಆರಿಸಿ ಯಂತ್ರಕ್ಕೆ ಹೇಳಬೇಕು. ತಪ್ಪು ಹೇಳಿದರೂ ಅಪಾಯವಾಗದಂತೆ ಬ್ರೇಕು ದುರ್ಬಲವೆಂದೇ ಭಾವಿಸಿ ಲೆಕ್ಕ ಹಾಕಿದರೆ, ಖಾಲಿ ಗಾಡಿಯೂ ಸಿಗ್ನಲ್ಲಿಗೆ ಬಹು ದೂರದಲ್ಲಿಯೇ ತೆವಳತೊಡಗಿ ಹಿಂದಿನ ಗಾಡಿಗಳೆಲ್ಲ ತಡವಾಗುತ್ತವೆ. ಬ್ರೇಕು ಬಲವಾಗಿದೆಯೆಂದು ಭಾವಿಸಿದರೆ ತುಂಬಿದ ಗಾಡಿ ಕೆಂಪನ್ನು ದಾಟೀತು. ಓಡತೊಡಗಿದ ಮೇಲೆ ಒಮ್ಮೆ ಬ್ರೇಕನ್ನು ಮೆಲ್ಲನೆ ಹಿಡಿದು, ವೇಗ ಇಳಿಯುವ ಬಗೆಯನ್ನು ಅಳೆದು, ಅದರಿಂದಲೇ ಯಂತ್ರವು ಗಾಡಿಯ ಗುಣವನ್ನು ಅರಿಯುವಂತೆ ಮಾಡಲಾಗದೆ ಎಂದು ಆ ಹುಡುಗನೇ ಕೇಳಿದ. ಹಾಗೆ ಅಳೆಯುವಾಗ ಇಳಿಜಾರಿನಿಂದ ಬರುವ ದೋಷವನ್ನು ಹೇಗೆ ಕಳೆಯಬೇಕೆಂದು ಲೆಕ್ಕ ಮಾಡಿಕೊಂಡು ಬರಲು ಅವನಿಗೆ ಹೇಳಿದ್ದೇನೆ. ಯಶವಂತನಗರದ ಕಡೆಯಿಂದ ಹೊಸಪೇಟೆಗೆ ಇಳಿಯುವ ದಾರಿಯ ಏರಿಳಿತಗಳನ್ನು ತಿಳಿದುಕೊಳ್ಳಲು ಅವನು ಈಗ ಹಳಿಯ ಬದಿಯಲ್ಲಿ ನೆಟ್ಟಿರುವ ಇಳಿಜಾರಿನ ಫಲಕಗಳನ್ನು ಬರೆದುಕೊಳ್ಳುತ್ತಿದ್ದಾನೆ.